ಮಾಸ್‌ಫೆಟ್ ಕಾಯ್ತಿದ್ಯಾ? ದೊಡ್ಡದು ತರೋ ಮುಂಚೆ ಅದು ಸ್ವಿಚ್ ಆಗೋದನ್ನ ಸರಿಯಾಗಿ ನೋಡಿ

ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಟರಿ ಸ್ಪ್ರೇಯರ್‌ಗೆ ಸ್ಪೀಡ್ ಕಂಟ್ರೋಲ್ ಮಾಡೋದು ಮಂಡ್ಯ, ಮೈಸೂರು ಕಡೆ ಡಿಪ್ಲೊಮಾ, ಇಂಜಿನಿಯರಿಂಗ್ ಓದೋರಿಗೆ ತುಂಬಾ ಒಳ್ಳೇ ಪ್ರಾಜೆಕ್ಟು. ಸ್ಪ್ರೇಯರ್ ಮನೇಲೇ ಇರುತ್ತೆ, ಭತ್ತಕ್ಕೋ ಕಬ್ಬಿಗೋ ಔಷಧಿ ಹೊಡೆಯೋರಿಗೆ ನಾಳೆ ಉಪಯೋಗಕ್ಕೂ ಬರುತ್ತೆ, 12 ವೋಲ್ಟ್ ಆದ್ರಿಂದ ಶಾಕ್ ಹೊಡೆಯೋ ಭಯಾನೂ ಇಲ್ಲ. ಸರ್ಕ್ಯೂಟ್ ಅಂತ ಇರೋದು ಒಂದು ಆರ್ಡುಯಿನೋ (ಪ್ರೋಗ್ರಾಮ್ ಹಾಕಿ ಓಡಿಸೋ ಪುಟ್ಟ ಬೋರ್ಡು), ಒಂದು ಮಾಸ್‌ಫೆಟ್ (ಗೇಟ್ ಅನ್ನೋ ಕಾಲಿಗೆ ವೋಲ್ಟೇಜ್ ಕೊಟ್ರೆ ಡ್ರೇನ್, ಸೋರ್ಸ್ ಅನ್ನೋ ಕಾಲುಗಳ ಮಧ್ಯೆ ಕರೆಂಟ್ ಬಿಡೋ ಎಲೆಕ್ಟ್ರಾನಿಕ್ ಸ್ವಿಚ್ಚು), ಒಂದು ಡಯೋಡ್. ಇಷ್ಟಿದ್ರೂ ಸ್ವಲ್ಪ ಹೊತ್ತು ಓಡಿಸಿದ್ರೆ ಮಾಸ್‌ಫೆಟ್ ಮುಟ್ಟೋಕಾಗದಷ್ಟು ಕಾಯುತ್ತೆ, ಕೊನೆಗೊಂದಿನ ಶಾರ್ಟ್ ಆಗಿ, ನಾಬ್ ಎಷ್ಟು ತಿರುಗಿಸಿದ್ರೂ ಮೋಟಾರು ಫುಲ್ ಸ್ಪೀಡಲ್ಲೇ ಓಡ್ತಾ ಇರುತ್ತೆ. ಆಗ ಹೆಚ್ಚಿನೋರು ಮಾಡೋದು ಒಂದೇ, ಇನ್ನೂ ದೊಡ್ಡ ಮಾಸ್‌ಫೆಟ್ ತಂದು ಇನ್ನೂ ದೊಡ್ಡ ಹೀಟ್ ಸಿಂಕ್ ಬಿಗಿಯೋದು. ದೊಡ್ಡ ಮಾಸ್‌ಫೆಟ್‌ನ ಗೇಟ್ ತುಂಬ್ಸೋಕೆ ಸಾಮಾನ್ಯವಾಗಿ ಜಾಸ್ತಿ ಚಾರ್ಜ್ ಬೇಕು, ಹಾಗಾಗಿ ಅದೇ ಆರ್ಡುಯಿನೋ ಪಿನ್ನಿಂದ ಅದು ಇನ್ನೂ ನಿಧಾನಕ್ಕೆ ಸ್ವಿಚ್ ಆಗುತ್ತೆ, ರೋಗ ಅಲ್ಲೇ ಇರುತ್ತೆ.

ಬಿಸಿ ಎಲ್ಲಿಂದ ಬರ್ತಿದೆ ಅಂತ ಲೆಕ್ಕ ಹಾಕಿದ್ರೆ ವಿಷಯ ಬಿಡಿಸಿಕೊಳ್ಳುತ್ತೆ. ಮಾಸ್‌ಫೆಟ್ ಪೂರ್ತಿ ಆಫ್ ಇದ್ದಾಗ ಕರೆಂಟ್ ಹರಿಯಲ್ಲ, ಪೂರ್ತಿ ಆನ್ ಇದ್ದಾಗ ಅದರ ಮೇಲೆ ವೋಲ್ಟೇಜ್ ಉಳಿಯಲ್ಲ, ಎರಡ್ರಲ್ಲೂ ನಷ್ಟ ಕಮ್ಮಿ. ನಾಲೆ ತೂಬಿನ ಹಲಗೆ ಅರ್ಧ ಎತ್ತಿದಾಗ್ಲೇ ನೀರು ಮೊರೆದು ಹಲಗೆಗೆ ಹೊಡೆತ ಬೀಳೋ ಹಾಗೆ, ಇಲ್ಲೂ ಪೆಟ್ಟು ಬೀಳೋದು ಆ ಮಧ್ಯದ ಗಳಿಗೆಯಲ್ಲಿ, ವೋಲ್ಟೇಜೂ ಕರೆಂಟೂ ಒಟ್ಟಿಗೆ ಇರುವಾಗ. ಆ ನಷ್ಟ ಸರಿಸುಮಾರು ವೋಲ್ಟೇಜ್ ಗುಣಿಸು ಕರೆಂಟ್ ಗುಣಿಸು ಸ್ವಿಚ್ ಆಗೋ ಸಮಯ ಗುಣಿಸು ಫ್ರೀಕ್ವೆನ್ಸಿ, ಅದರಲ್ಲಿ ಅರ್ಧ. 12 ವೋಲ್ಟ್, 3 ಆಂಪ್ಸ್ ಮೋಟಾರು, ಆನ್ ಆಗೋದಕ್ಕೂ ಆಫ್ ಆಗೋದಕ್ಕೂ ಸೇರಿ 5 ಮೈಕ್ರೋಸೆಕೆಂಡ್ ಹಿಡಿಯುತ್ತೆ ಅಂತ ಇಟ್ಕೊಳಿ. ಆರ್ಡುಯಿನೋ ಊನೋದ ಮಾಮೂಲಿ 490 ಹರ್ಟ್ಝ್ ಪಿಡಬ್ಲ್ಯೂಎಂನಲ್ಲಿ (ಬೇಗಬೇಗ ಆನ್ ಆಫ್ ಮಾಡಿ ಸ್ಪೀಡ್ ಹೊಂದಿಸೋ ವಿಧಾನ) ಇದು 0.044 ವ್ಯಾಟ್, ಏನೇನೂ ಅಲ್ಲ. ಆದ್ರೆ ಮೋಟಾರು ಕುಂಯ್ ಅನ್ನುತ್ತೆ ಅಂತ ಎಲ್ರೂ ಫ್ರೀಕ್ವೆನ್ಸಿನ 20 ಕಿಲೋಹರ್ಟ್ಝ್‌ಗೆ ಏರಿಸ್ತಾರಲ್ಲ, ಅಲ್ಲಿ ಅದೇ ನಷ್ಟ 1.8 ವ್ಯಾಟ್. ಟಿಓ-220 ಪ್ಯಾಕೇಜ್‌ಗೆ ಹೀಟ್ ಸಿಂಕ್ ಇಲ್ದೇ ಇದ್ರೆ ಒಂದು ವ್ಯಾಟ್‌ಗೆ ಸುಮಾರು 62 ಡಿಗ್ರಿ ಏರುತ್ತೆ ಅಂತ ಡೇಟಾಶೀಟೇ ಹೇಳುತ್ತೆ, ಅಂದ್ರೆ ಬೇಸಿಗೆ ಬಿಸಿ ಮೇಲೆ ಇನ್ನೂ 110 ಡಿಗ್ರಿ. ಈಗ ಆ 5 ಮೈಕ್ರೋಸೆಕೆಂಡ್ ನಿಮ್ಮ ಬೋರ್ಡಲ್ಲಿ ನಿಜಕ್ಕೂ ಎಷ್ಟಿದೆ ಅಂತ ನೋಡ್ಬೇಕು. ಮಲ್ಟಿಮೀಟರ್‌ಗೆ ಅದು ಕಾಣಲ್ಲ, ವೋಲ್ಟೇಜ್ ಏರಿಳಿತನ ಸ್ಕ್ರೀನ್ ಮೇಲೆ ಗೆರೆಯಾಗಿ ತೋರಿಸೋ ಸಿಆರ್‌ಓನೇ (ಆಸಿಲೋಸ್ಕೋಪ್) ಬೇಕು, ಕಾಲೇಜ್ ಲ್ಯಾಬಲ್ಲಿರೋ 100 ಮೆಗಾಹರ್ಟ್ಝ್ ಡಿಎಸ್‌ಓ, ಅಂದ್ರೆ ಅದರ ಡಿಜಿಟಲ್ ರೂಪ, ಸಾಕು.

ಮೊದಲು ಸರ್ಕ್ಯೂಟ್. ಬ್ಯಾಟರಿ ಪ್ಲಸ್‌ನಿಂದ ಮೋಟಾರು, ಮೋಟಾರಿನ ಇನ್ನೊಂದು ತುದಿ ಡ್ರೇನ್‌ಗೆ, ಸೋರ್ಸ್ ಬ್ಯಾಟರಿ ಮೈನಸ್‌ಗೆ, ಮೋಟಾರಿಗೆ ಅಡ್ಡಲಾಗಿ ಡಯೋಡ್, ಗೇಟ್‌ನಿಂದ ಸೋರ್ಸ್‌ಗೆ 10 ಕಿಲೋಓಮ್. ಬ್ರೆಡ್‌ಬೋರ್ಡ್ ಬೇಡ, ಖಂಡಿತಾ ಬೇಡ, ಅದರ ಕ್ಲಿಪ್ಪು 3 ಆಂಪ್ಸ್‌ಗೆ ಮಾಡಿದ್ದಲ್ಲ, ಜಂಪರ್ ವೈರ್‌ಗಳು ಒಂದೊಂದೂ ಒಂದೊಂದು ಕಾಯಿಲ್ ಥರ ಕೆಲಸ ಮಾಡ್ತವೆ. ಜನರಲ್ ಪರ್ಪಸ್ ಪಿಸಿಬಿ ಮೇಲೆ ಸೋಲ್ಡರ್ ಮಾಡಿ. ಮಾಸ್‌ಫೆಟ್ ಐಆರ್‌ಎಲ್‌ಝಡ್44ಎನ್ ತಗೊಳಿ, ಅದು 5 ವೋಲ್ಟ್‌ಗೇ ಚೆನ್ನಾಗಿ ತೆರೆಯುತ್ತೆ. ಐಆರ್‌ಎಫ್540ಎನ್ ಅಂಗಡೀಲಿ ಕೇಳಿದ ತಕ್ಷಣ ಸಿಗುತ್ತೆ ನಿಜ, ಆದ್ರೆ ಅದರ 44 ಮಿಲಿಓಮ್ ಅನ್ನೋದು ಗೇಟ್‌ಗೆ 10 ವೋಲ್ಟ್ ಕೊಟ್ಟಾಗಿನ ಮಾತು, ಆರ್ಡುಯಿನೋದ 5 ವೋಲ್ಟ್‌ಗೆ ಅದು ಅರೆಬರೆ ತೆರೆದು ನಿಲ್ಲುತ್ತೆ. ಇನ್ನೊಂದು ವಿಷಯ, ಈ ಎರಡೂ ನಂಬರಲ್ಲಿ ನಕಲಿ ಮಾಲು ಓಡಾಡ್ತಿದೆ, ಒಳಗೆ ಸಣ್ಣ ಚಿಪ್ ಇಟ್ಟು ದೊಡ್ಡ ನಂಬರ್ ಪ್ರಿಂಟ್ ಮಾಡಿರ್ತಾರೆ. ಕಮ್ಮಿ ಬೆಲೆಯ ಕಾಂಪೊನೆಂಟ್ ಟೆಸ್ಟರ್‌ಗೆ ಹಾಕಿದ್ರೆ ಗೇಟ್ ಕೆಪ್ಯಾಸಿಟನ್ಸ್ ತೋರಿಸುತ್ತೆ, 2 ನ್ಯಾನೋಫ್ಯಾರಡ್ ಆಸುಪಾಸು ಬರ್ಬೇಕು, 500 ಪಿಕೋಫ್ಯಾರಡ್ ತೋರಿಸಿದ್ರೆ ವಾಪಸ್ ಕೊಟ್ಟುಬಿಡಿ.

ಸಿಆರ್‌ಓಗೆ ಸಿಗ್ನಲ್ ಒಯ್ಯೋ ಕಡ್ಡಿ, ಅಂದ್ರೆ ಪ್ರೋಬ್‌ನ, 10ಎಕ್ಸ್‌ಗೆ (ಸಿಗ್ನಲ್‌ನ ಹತ್ತನೇ ಒಂದು ಭಾಗಕ್ಕೆ ಇಳಿಸೋ ಸೆಟ್ಟಿಂಗ್) ಹಾಕಿ, ಸಿಆರ್‌ಓದಲ್ಲಿರೋ ಕ್ಯಾಲಿಬ್ರೇಶನ್ ಪಿನ್ನಿಗೆ ಹಿಡಿದು ಸ್ಕ್ವೇರ್ ವೇವ್ ಚೌಕಾಗೋ ತನಕ ಟ್ರಿಮ್ಮರ್ ತಿರುಗಿಸಿ. 1ಎಕ್ಸ್ ಬೇಡ, ಅಲ್ಲಿ ಎಷ್ಟೋ ಪ್ರೋಬ್‌ಗಳು 10 ಮೆಗಾಹರ್ಟ್ಝ್ ಕೂಡ ದಾಟಲ್ಲ.

ಈಗ ಎಲ್ರೂ ಎಡವೋ ಜಾಗ, ಪ್ರೋಬ್‌ನ ಕರಿ ವೈರು, ಅಂದ್ರೆ ಗ್ರೌಂಡ್ ಕ್ಲಿಪ್. ಪ್ರೋಬ್ ಜೊತೆ ಬರೋ ಆ ವೈರು ಸುಮಾರು 15 ಸೆಂಟಿಮೀಟರ್ ಇರುತ್ತೆ, ಅದನ್ನ ಎಳೆದು ಬೋರ್ಡಿನ ಯಾವುದೋ ಮೂಲೆಯ ಮೈನಸ್‌ಗೆ ಕಚ್ಚಿಸ್ತಾರೆ, ಪ್ರೋಬ್ ಮೂತಿಗಿರೋ ಕೊಕ್ಕೆ ಟೋಪಿನ ಡ್ರೇನ್‌ಗೆ ಸಿಗಿಸ್ತಾರೆ, ಸ್ಕ್ರೀನ್ ಮೇಲೆ ಪ್ರತೀ ಅಂಚಿನಲ್ಲೂ ಜುಂಯ್ ಅಂತ ಅಲೆ ಅಲೆಯಾಗಿ ಕಾಣುತ್ತೆ. ಅದನ್ನೇ ಫೋಟೋ ತೆಗೆದು 'ರಿಂಗಿಂಗ್ ಸಮಸ್ಯೆ ಕಂಡುಬಂದಿದೆ' ಅಂತ ರಿಪೋರ್ಟಲ್ಲಿ ಬರೀತಾರೆ, ಆಮೇಲೆ ಸ್ನಬ್ಬರ್ (ಅಲೆ ಅಡಗಿಸೋ ರೆಸಿಸ್ಟರ್ ಕೆಪ್ಯಾಸಿಟರ್ ಜೋಡಿ) ಹಾಕೋಕೆ ಹೋಗಿ ಒಂದು ವಾರ ಕಳೀತಾರೆ. ಆ ಅಲೆಯಲ್ಲಿ ಬಹುಪಾಲು ನಿಮ್ಮ ಸರ್ಕ್ಯೂಟಿಂದಲ್ಲ, ಆ ಕರಿ ವೈರಿಂದು. ವೈರಿಗೆ ಒಂದು ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟನ್ಸ್ ಅಂತ ಹಿಡಿದ್ರೆ 150 ನ್ಯಾನೋಹೆನ್ರಿ ಆಯ್ತು, ಪ್ರೋಬ್ ಮೂತಿಯ ಕೆಪ್ಯಾಸಿಟನ್ಸ್ ಒಂದು 12 ಪಿಕೋಫ್ಯಾರಡ್, ಎರಡೂ ಸೇರಿ 120 ಮೆಗಾಹರ್ಟ್ಝ್ ಹತ್ತಿರ ತಾವೇ ಕುಣಿಯೋ ಸರ್ಕ್ಯೂಟ್ ಆಗ್ತವೆ. ಚುರುಕಾದ ಅಂಚು ಬಂದು ತಟ್ಟಿದ್ರೆ ಸಾಕು, ಶುರು. ಅಷ್ಟೇ ಅಲ್ಲ, ಆ ವೈರು ಮಾಡೋ ಕುಣಿಕೆ ಪಕ್ಕದ ಮೋಟಾರ್ ಕರೆಂಟಿನ ಮ್ಯಾಗ್ನೆಟಿಕ್ ಫೀಲ್ಡನ್ನೂ ಹಿಡ್ಕೊಳ್ಳುತ್ತೆ.

ನಂಬಿಕೆ ಬರದಿದ್ರೆ ಪರೀಕ್ಷೆ ಸುಲಭ. ಗ್ರೌಂಡ್ ಕ್ಲಿಪ್ ಸೋರ್ಸ್ ಕಾಲಿಗೆ ಕಚ್ಚಿಸಿ, ಪ್ರೋಬ್ ಮೂತಿನೂ ಅದೇ ಸೋರ್ಸ್ ಕಾಲಿಗೇ ಮುಟ್ಟಿಸಿ. ಎರಡೂ ಒಂದೇ ಜಾಗ, ಸ್ಕ್ರೀನ್ ಮೇಲೆ ಸೊನ್ನೆ ಗೆರೆ ಬರ್ಬೇಕು. ಮೋಟಾರು ಓಡ್ತಾ ಇರುವಾಗ ಅಲ್ಲೂ ಮುಳ್ಳು ಮುಳ್ಳಾಗಿ ಕಂಡ್ರೆ, ಅಷ್ಟೂ ಅಳತೆಯ ಸುಳ್ಳು. ಈ ಒಂದು ಪರೀಕ್ಷೆ ಮಾಡದೇ ತೆಗೆದ ಯಾವ ವೇವ್‌ಫಾರ್ಮನ್ನೂ ನಾನು ಒಪ್ಪಲ್ಲ, ನೀವೂ ಒಪ್ಬೇಡಿ.

ಇದಕ್ಕೆ ಮದ್ದು ಪ್ರೋಬ್ ಪ್ಯಾಕೆಟ್ಟಲ್ಲೇ ಇರುತ್ತೆ. ಕೊಕ್ಕೆ ಟೋಪಿ ಎಳೆದು ತೆಗೀರಿ, ಒಳಗೆ ಸೂಜಿ ಮೂತಿ, ಅದರ ಹಿಂದೆ ಲೋಹದ ಉಂಗುರ ಕಾಣುತ್ತೆ, ಆ ಉಂಗುರಕ್ಕೆ ಸಿಗಿಸೋಕೆ ಅಂತ ಒಂದು ಸಣ್ಣ ಸ್ಪ್ರಿಂಗ್ ಕೊಟ್ಟಿರ್ತಾರೆ. ಲ್ಯಾಬಲ್ಲಿ ಆ ಪ್ಯಾಕೆಟ್ ಬೀರುವಿನ ಒಳಗೆ ಬಿದ್ದಿರುತ್ತೆ ಇಲ್ಲಾ ಕಸಕ್ಕೆ ಹೋಗಿರುತ್ತೆ. ಸಿಗದಿದ್ರೆ ರೆಸಿಸ್ಟರ್‌ನಿಂದ ಕತ್ತರಿಸಿದ ಕಾಲಿನ ಥರದ ಗಟ್ಟಿ ತಂತಿನ ಆ ಉಂಗುರಕ್ಕೆ ಬಿಗಿಯಾಗಿ ಮೂರು ಸುತ್ತು ಸುತ್ತಿ, ಒಂದು ಸೆಂಟಿಮೀಟರ್ ಮುಂದಕ್ಕೆ ಚಾಚಿಸಿ, ಆಯ್ತು. ಬೋರ್ಡ್ ಮೇಲೆ ಸೋರ್ಸ್ ಪಕ್ಕದಲ್ಲಿ ಒಂದು, ಡ್ರೇನ್ ಪಕ್ಕದಲ್ಲಿ ಒಂದು ಬರ್ಗ್ ಸ್ಟ್ರಿಪ್ ಪಿನ್ ಸೋಲ್ಡರ್ ಮಾಡಿ ಇಟ್ರೆ ಕೈ ನಡುಗದೆ ಹಿಡೀಬಹುದು. ಗೇಟ್‌ಗೂ ಹಾಗೇ. ಸೋರ್ಸ್ ಅಂದ್ರೆ ಮಾಸ್‌ಫೆಟ್ ಕಾಲಿನ ಬುಡ, ಬ್ಯಾಟರಿಯ ಮೈನಸ್ ಟರ್ಮಿನಲ್ ಅಲ್ಲ, ಅವೆರಡರ ಮಧ್ಯದ ವೈರಲ್ಲೂ ವೋಲ್ಟೇಜ್ ಎದ್ದಿರುತ್ತೆ.

ಇಲ್ಲೊಂದು ಎಚ್ಚರಿಕೆ. ಸಿಆರ್‌ಓದ ಗ್ರೌಂಡ್ ಕ್ಲಿಪ್ ಒಳಗಿಂದ ಗೋಡೆಯ ಅರ್ಥ್‌ಗೇ ಸೇರಿರುತ್ತೆ, ಎರಡೂ ಚಾನೆಲ್‌ದು ಒಳಗೇ ಒಂದಾಗಿರುತ್ತೆ. ಆರ್ಡುಯಿನೋ ಯುಎಸ್‌ಬಿಯಿಂದ ಲ್ಯಾಪ್‌ಟಾಪ್‌ಗೆ, ಲ್ಯಾಪ್‌ಟಾಪು ಅರ್ಥ್ ಇರೋ ಚಾರ್ಜರ್‌ಗೆ ಹಾಕಿದ್ದು, ನೀವು ಮರೆತು ಕ್ಲಿಪ್‌ನ ಡ್ರೇನ್‌ಗೆ ಕಚ್ಚಿಸಿದ್ರೆ ಮೋಟಾರ್ ಕರೆಂಟು ಯುಎಸ್‌ಬಿ ವೈರಲ್ಲಿ ಹರಿಯುತ್ತೆ. ಅಳೆಯುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ. ಇದಕ್ಕಿಂತ ದೊಡ್ಡ ತಪ್ಪು ಸಿಆರ್‌ಓ ಪ್ಲಗ್‌ನ ಅರ್ಥ್ ಪಿನ್ ತೆಗೆದು 'ಫ್ಲೋಟ್' ಮಾಡೋದು, ಆಗ ಸಿಆರ್‌ಓದ ಹೊರಗಿನ ಲೋಹದ ಭಾಗಕ್ಕೇ ನೀವು ಕ್ಲಿಪ್ ಕಚ್ಚಿಸಿದ ಜಾಗದ ವೋಲ್ಟೇಜ್ ಬಂದಿರುತ್ತೆ, 230 ವೋಲ್ಟ್ ಸರ್ಕ್ಯೂಟಾದ್ರೆ ಮುಟ್ಟಿದೋರ ಪ್ರಾಣ ಹೋಗುತ್ತೆ. ಪಂಪ್‌ಸೆಟ್ ಸ್ಟಾರ್ಟರ್, ಇನ್ವರ್ಟರ್ ಇಂಥದಕ್ಕೆಲ್ಲಾ ಡಿಫರೆನ್ಶಿಯಲ್ ಪ್ರೋಬ್ (ಅರ್ಥ್‌ಗೆ ಸೇರಿಸದೇ ಎರಡು ಜಾಗದ ಮಧ್ಯದ ವೋಲ್ಟೇಜ್ ಅಳೆಯೋದು) ಬೇಕು, ಅದಿಲ್ದೇ ಕೈ ಹಾಕ್ಬೇಡಿ.

ಅಲೆ ಅಸಹ್ಯವಾಗಿ ಕಾಣುತ್ತೆ ಅಂತ 20 ಮೆಗಾಹರ್ಟ್ಝ್ ಬ್ಯಾಂಡ್‌ವಿಡ್ತ್ ಲಿಮಿಟ್ (ಅದಕ್ಕಿಂತ ವೇಗದ ಏರಿಳಿತನ ಸೋಸಿಬಿಡೋ ಸೆಟ್ಟಿಂಗ್) ಆನ್ ಮಾಡೋ ಅಡ್ಡದಾರಿ ಕೂಡ ಬೇಡ. ಸಿಆರ್‌ಓದ ಸ್ವಂತ ರೈಸ್ ಟೈಮ್ (ಅದು ತೋರಿಸಬಲ್ಲ ಅತಿ ಚುರುಕಾದ ಏರಿಕೆಯ ಸಮಯ) ಅಂದ್ರೆ 0.35ನ ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದ್ದು, 100 ಮೆಗಾಹರ್ಟ್ಝ್‌ಗೆ 3.5 ನ್ಯಾನೋಸೆಕೆಂಡ್, 20ಕ್ಕೆ 17.5. ಲಿಮಿಟ್ ಹಾಕಿದ್ರೆ ಚಿತ್ರ ನುಣ್ಣಗಾಗುತ್ತೆ, ನಿಜವಾದ ಸ್ಪೈಕ್ ಇದ್ರೆ ಅದೂ ಅರ್ಧಂಬರ್ಧ ಮಾಯ ಆಗುತ್ತೆ.

ಪ್ರೋಬ್ ಸರಿ ಹೋದ್ರೆ ಉಳಿದಿದ್ದು ಸಲೀಸು. ಚಾನೆಲ್ ಒಂದು ಗೇಟ್‌ಗೆ, ಎರಡು ಡ್ರೇನ್‌ಗೆ, ಟ್ರಿಗರ್ ಗೇಟ್ ಮೇಲೆ ರೈಸಿಂಗ್, ಮೋಡ್ ನಾರ್ಮಲ್, ಟೈಮ್‌ಬೇಸ್ ಒಂದು ಡಿವಿಷನ್‌ಗೆ 1 ಮೈಕ್ರೋಸೆಕೆಂಡ್‌ನಿಂದ ಶುರು ಮಾಡಿ ಕೆಳಗಿಳಿಸ್ತಾ ಹೋಗಿ.

ಗೇಟ್ ವೋಲ್ಟೇಜ್ ನೆಟ್ಟಗೆ ಏರಲ್ಲ, ಮಧ್ಯದಲ್ಲಿ ಒಂದು ಮೆಟ್ಟಿಲು ಕಟ್ಟಿದ ಹಾಗೆ ಚಪ್ಪಟೆಯಾಗಿ ನಿಂತು ಆಮೇಲೆ ಮತ್ತೆ ಏರುತ್ತೆ. ಅದು ಮಿಲ್ಲರ್ ಪ್ಲಾಟೋ, ಜಾನ್ ಮಿಲ್ಟನ್ ಮಿಲ್ಲರ್ 1920ರಲ್ಲಿ ವ್ಯಾಕ್ಯೂಮ್ ಟ್ಯೂಬ್ ಬಗ್ಗೆ ಬರೆದ ಪರಿಣಾಮ, ಮಾಸ್‌ಫೆಟ್ ಹುಟ್ಟೋದಕ್ಕಿಂತ ಹತ್ತಿರಹತ್ತಿರ ನಲವತ್ತು ವರ್ಷ ಮುಂಚೆ. ಡ್ರೇನ್ ವೋಲ್ಟೇಜ್ ಬೀಳೋದು ಸರಿಯಾಗಿ ಈ ಮೆಟ್ಟಿಲಿನ ಹೊತ್ತಲ್ಲೇ, ಯಾಕಂದ್ರೆ ಗೇಟ್‌ಗೆ ಬರೋ ಕರೆಂಟೆಲ್ಲಾ ಗೇಟ್ ಡ್ರೇನ್ ಮಧ್ಯದ ಕೆಪ್ಯಾಸಿಟನ್ಸ್‌ಗೆ ಹೋಗ್ತಿರುತ್ತೆ. ಮೆಟ್ಟಿಲು ಉದ್ದ ಇದ್ದಷ್ಟೂ ಬಿಸಿ ಜಾಸ್ತಿ. ಡ್ರೇನ್ ವೋಲ್ಟೇಜ್ 90 ಪರ್ಸೆಂಟ್‌ನಿಂದ 10ಕ್ಕೆ ಇಳಿಯೋ ಸಮಯ ಕರ್ಸರ್‌ನಲ್ಲಿ ಅಳೀರಿ, ಆಫ್ ಆಗುವಾಗ 10ರಿಂದ 90. ಆರ್ಡುಯಿನೋ ಪಿನ್ನಿಂದ 220 ಓಮ್ ಮೂಲಕ ನೇರ ಗೇಟ್‌ಗೆ ಕೊಟ್ಟಿದ್ರೆ ಎರಡು ಮೂರು ಮೈಕ್ರೋಸೆಕೆಂಡ್ ಬರೋದು ಸಹಜ. ಮೆಟ್ಟಿಲು ಸುಮಾರು 3 ವೋಲ್ಟಲ್ಲಿದ್ರೆ ಉಳಿದ 2 ವೋಲ್ಟ್ 220 ಓಮ್‌ನಲ್ಲಿ ತಳ್ಳೋದು ಬರೀ 9 ಮಿಲಿಆಂಪ್, ಬೇಕಾಗಿರೋ ಚಾರ್ಜು ಹೆಚ್ಚೆಂದ್ರೆ 25 ನ್ಯಾನೋಕೂಲಂಬ್, ಭಾಗಿಸಿ ನೋಡಿ. ರೆಸಿಸ್ಟರ್ ತೆಗೆದುಬಿಡೋಣ ಅನ್ನೋದೂ ಸರಿಯಲ್ಲ, ಪಿನ್ನಿಗೆ 40 ಮಿಲಿಆಂಪ್ ಮಿತಿ ಇದೆ.

ಸರಿಯಾದ ದಾರಿ ಗೇಟ್ ಡ್ರೈವರ್ ಐಸಿ, ಅಂದ್ರೆ ಆರ್ಡುಯಿನೋ ಸಿಗ್ನಲ್ ತಗೊಂಡು ಗೇಟ್‌ಗೆ ಜಾಸ್ತಿ ಕರೆಂಟ್ ತಳ್ಳೋ ಚಿಪ್ಪು. ಟಿಸಿ4427 ಎಂಟು ಕಾಲಿನದು, 18 ವೋಲ್ಟ್ ತನಕ ತಡೆಯೋದ್ರಿಂದ ಸ್ಪ್ರೇಯರ್ ಬ್ಯಾಟರಿಯಿಂದಲೇ ಓಡುತ್ತೆ, 1.5 ಆಂಪ್ಸ್ ತನಕ ಗೇಟ್‌ಗೆ ತಳ್ಳುತ್ತೆ. ಅದರ ಸಪ್ಲೈ ಕಾಲುಗಳಿಗೆ ಅಂಟಿದ ಹಾಗೇ 1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಹಾಕಿ, ಗೇಟ್‌ಗೆ 10 ಓಮ್ ಇಡಿ. ಆನ್ ಆಫ್ ಎರಡೂ ಸೇರಿ 100 ನ್ಯಾನೋಸೆಕೆಂಡ್‌ಗೆ ಇಳಿದ್ರೆ ಅದೇ 20 ಕಿಲೋಹರ್ಟ್ಝ್‌ನಲ್ಲಿ ಸ್ವಿಚಿಂಗ್ ನಷ್ಟ 0.04 ವ್ಯಾಟ್ ಕೂಡ ಮುಟ್ಟಲ್ಲ, ಹೀಟ್ ಸಿಂಕ್ ಬಿಚ್ಚಿ ಪಕ್ಕಕ್ಕಿಡಬಹುದು.

ಆದ್ರೆ ಚುರುಕು ಮಾಡಿದ ಮೇಲೆ ನಿಜವಾದ ಸ್ಪೈಕ್ ಎದುರಾಗುತ್ತೆ, ಸರಿಯಾದ ಪ್ರೋಬಿಂಗ್ ಇದ್ರೇನೇ ಇದು ನಿಜ ಅಂತ ಗೊತ್ತಾಗೋದು. ಬ್ಯಾಟರಿಯಿಂದ ಬರೋ ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೋಹೆನ್ರಿ, 3 ಆಂಪ್ಸ್‌ನ 50 ನ್ಯಾನೋಸೆಕೆಂಡಲ್ಲಿ ಕತ್ತರಿಸಿದ್ರೆ 60 ವೋಲ್ಟ್ ಎದ್ದೇಳುತ್ತೆ. ಐಆರ್‌ಎಲ್‌ಝಡ್44ಎನ್ ತಡೆಯೋದು 55. ಹಾಗಾಗಿ ಡಯೋಡಿನ ಬ್ಯಾಟರಿ ಪ್ಲಸ್‌ಗೆ ಸೇರಿದ ತುದಿಯಿಂದ ಮಾಸ್‌ಫೆಟ್ ಸೋರ್ಸ್‌ಗೆ, ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ, ಒಂದು 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಜೊತೆಗೊಂದು 1 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಲೇಬೇಕು. ಡಯೋಡ್ 1ಎನ್4007 ಹಾಕ್ಬೇಡಿ, ಅದು 50 ಹರ್ಟ್ಝ್ ಕರೆಂಟಿಗೆ ಮಾಡಿದ್ದು, ಮಾಸ್‌ಫೆಟ್ ಮತ್ತೆ ಆನ್ ಆಗುವಾಗ ಬೇಗ ಮುಚ್ಚಿಕೊಳ್ಳಲ್ಲ, ಒಂದೊಂದು ಸಲಾನೂ ಬ್ಯಾಟರಿನ ಕ್ಷಣಕಾಲ ಶಾರ್ಟ್ ಮಾಡುತ್ತೆ. ಬೇಗ ಮುಚ್ಚಿಕೊಳ್ಳೋ ಜಾತಿಯ ಎಸ್‌ಬಿ560 ಶಾಟ್ಕಿ ಡಯೋಡ್ ಹಾಕಿ. ಇಷ್ಟಾದ್ಮೇಲೂ ಡ್ರೇನ್ ಮೇಲೆ ಅಲೆ ಉಳಿದಿದ್ರೆ ಗೇಟ್ ರೆಸಿಸ್ಟರ್ 22, ಆಮೇಲೆ 47 ಓಮ್ ಮಾಡ್ತಾ ಹೋಗಿ, ಬಿಸಿನೂ ನೋಡ್ತಾ ಹೋಗಿ. ಪಕ್ಕದಲ್ಲೊಂದು ರೇಡಿಯೋ ಇಟ್ಟು ಮೈಸೂರು ಆಕಾಶವಾಣಿ 100.6 ಹಾಕಿ, ಮೋಟಾರು ಆನ್ ಮಾಡಿದಾಗ ಕರಕರ ಶುರುವಾದ್ರೆ ನಿಮ್ಮ ಸರ್ಕ್ಯೂಟು ಟ್ರಾನ್ಸ್‌ಮಿಟರ್ ಕೆಲಸಾನೂ ಮಾಡ್ತಿದೆ ಅಂತ ಅರ್ಥ. ಮೋಟಾರಿನ ಬ್ರಶ್ ಕೂಡ ಕಿಡಿ ಹಾರಿಸಿ ಸದ್ದು ಮಾಡುತ್ತೆ, ಅದನ್ನ ಬೇರೆ ಮಾಡ್ಬೇಕಂದ್ರೆ ಮೋಟಾರಿನ ಜಾಗದಲ್ಲಿ ಕಾರಿನ 12 ವೋಲ್ಟ್ ಬಲ್ಬ್ ಹಾಕಿ ಕೇಳಿ.

ಕೊನೇ ಅಳತೆ ಟ್ಯಾಂಕಲ್ಲಿ ನೀರು ತುಂಬಿಸಿಯೇ ಮಾಡಿ, ಒಣ ಪಂಪು ಎಳೆಯೋ ಕರೆಂಟ್ ತುಂಬಾ ಕಮ್ಮಿ, ಆ ನಂಬರ್ ಹೊಲದಲ್ಲಿ ನಿಲ್ಲಲ್ಲ. ನಾಜಲ್‌ನೂ ಪೂರ್ತಿ ತೆರೆದಿಡಿ. ಎಷ್ಟೋ ಸ್ಪ್ರೇಯರ್ ಪಂಪಲ್ಲಿ ಪ್ರೆಶರ್ ಸ್ವಿಚ್ ಒಳಗೇ ಇರುತ್ತೆ, ನಾಜಲ್ ಮುಚ್ಚಿದ್ರೆ ಅದು ಮೋಟಾರನ್ನ ಮಧ್ಯೆ ಮಧ್ಯೆ ಕತ್ತರಿಸುತ್ತೆ, ಅದರ ಕಾಂಟ್ಯಾಕ್ಟ್ ಅದುರೋದ್ರಿಂದ ಸ್ಕ್ರೀನ್ ಮೇಲೆ ಬರೋ ಗಲಾಟೆನ ಮಾಸ್‌ಫೆಟ್‌ದೇ ಅಂತ ಓದಿಬಿಡ್ತೀರಿ.