ಕೂಸು ಬಾಯಿ ತೆರೆದು ಮಲಗಿದೆಯಾ? ಮೊದಲು ಒಂದು ಚಮಚ ತನ್ನಿ

ಜೋರು ಮಳೆಗಾಲದಲ್ಲೇ ತಂಗಿಯ ಬಾಣಂತನ. ಶಿರಸಿಯ ಮನೆಯಲ್ಲಿ ನಲವತ್ತು ದಿನದ ಕೂಸು ಬಾಯಿ ತೆರೆದು ಮಲಗಿತ್ತು. ಗೊರ ಗೊರ ಸದ್ದು ಬೇರೆ. ಆಯಿ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದಳು. ‘ಮೂಗಿಗೆ ಎರಡು ಹನಿ ಬಿಟ್ರೆ ಸರಿ ಆಗ್ತದೆ.’

‘ಬೇಡ ಆಯಿ, ಒಂದು ಚಮಚ ಕೊಡು’ ಅಂದೆ.

ಬಾಯಿ ತೆರೆದಿದೆ ಎಂದರೆ ಬಾಯಿಯಿಂದಲೇ ಉಸಿರಾಡುತ್ತಿದೆ ಎಂದಲ್ಲ. ನಿದ್ದೆಯಲ್ಲಿ ದವಡೆ ಸಡಿಲವಾದರೂ ಬಾಯಿ ತೆರೆಯುತ್ತದೆ. ಒಣಗಿದ ಸ್ಟೀಲ್ ಚಮಚದ ಬೆನ್ನನ್ನು ಮೂಗಿನ ಕೆಳಗೆ, ತಾಗದಂತೆ ಹಿಡಿಯಿರಿ. ಎರಡು ಪುಟ್ಟ ಮಬ್ಬು ಕಲೆ ಮೂಡಿ ಮಾಯವಾದರೆ ಮೂಗು ಕೆಲಸ ಮಾಡುತ್ತಿದೆ, ಸುಮ್ನೆ ಮಲಗಲು ಬಿಡಿ. ಒಂದೇ ಕಲೆ ಬಂದರೆ ಒಂದು ಹೊಳ್ಳೆ ಕಟ್ಟಿದೆ. ನಮ್ಮ ಕೂಸಿಗೆ ಬಂದದ್ದು ಒಂದೇ.

ಮೊದಲ ಕೆಲವು ತಿಂಗಳು ಕೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಹಾಲು ಕುಡಿಯುತ್ತಲೇ ಉಸಿರಾಡಬೇಕಲ್ವಾ? ಹಾಗಾಗಿ ಮೂಗು ಕಟ್ಟಿದ ಕೂಸು ಮೊಲೆ ಹಿಡಿಯುತ್ತದೆ, ಬಿಡುತ್ತದೆ, ಅಳುತ್ತದೆ.

ಔಷಧಿ ಅಂಗಡಿಯಲ್ಲಿ ಉಪ್ಪು ನೀರಿನ ಹನಿ ಸಿಗುತ್ತದೆ. ಸಲೈನ್ ಡ್ರಾಪ್ಸ್ ಎಂದು ಕೇಳಿ. ದೊಡ್ಡವರ ಶೀತದ ಡ್ರಾಪ್ಸ್ ಬೇಡವೇ ಬೇಡ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ತಣ್ಣಗಿರುವುದನ್ನು ಕಳೆಯಿರಿ. ಕೂಸನ್ನು ಅಂಗಾತ ಮಲಗಿಸಿ, ಒಂದೊಂದು ಹೊಳ್ಳೆಗೆ ಎರಡು ಹನಿ ಬಿಡಿ. ಒಂದು ನಿಮಿಷ ಕಾಯಿರಿ. ಸಿಂಬಳ ಮೆತ್ತಗಾಗಿ ಸೀನಿನ ಜೊತೆ ಹೊರಬರುತ್ತದೆ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸಿಂಬಳ ಎಳೆಯುವ ರಬ್ಬರ್ ಬಲ್ಬ್ ಬಳಸುವುದಾದರೆ ಮೊದಲು ಹೊರಗೇ ಒತ್ತಿ, ಆಮೇಲೆ ತುದಿಯನ್ನು ಹೊಳ್ಳೆಯ ಬಾಯಿಗಿಟ್ಟು ನಿಧಾನಕ್ಕೆ ಬಿಡಿ. ಹಾಲು ಕುಡಿಸುವ ಹದಿನೈದು ನಿಮಿಷ ಮೊದಲು ಮಾಡಿ. ಹಾಲು ಕುಡಿದ ಮೇಲೆ ಮಾಡಿದರೆ ಕಕ್ಕಬಹುದು.

ಎಣ್ಣೆ ಯಾಕೆ ಬೇಡ? ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಕರ್ಪೂರ, ಮುಲಾಮುಗಳೂ ಕೂಸಿನ ಹತ್ತಿರ ಬೇಡ. ಹೊಗೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಬುದ್ಧಿ ಬರುವುದು ಸ್ವಲ್ಪ ಕಷ್ಟ. ಸ್ನಾನ ಆದ ಕೂಡಲೇ ಧೂಪ ಹಾಕುತ್ತೇವೆ, ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲ ಒಲೆ ಮೇಲೆ ಒಣಗಿಸುತ್ತೇವೆ. ಆ ಹೊಗೆ ವಾಸನೆಯ ಬಟ್ಟೆಯನ್ನೇ ಕೂಸಿಗೆ ಸುತ್ತುತ್ತೇವೆ! ಕಾರವಾರದ ಕಡೆ ಗೋಡೆಗೆ ಬೂಷ್ಟು ಹಿಡಿದ ಕೋಣೆಯೂ ಬೇಡ.

ಸೀರೆಯ ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಂದರೆಯಾಗಬಹುದು. ಸಮತಟ್ಟಾದ ಹಾಸಿಗೆ ಮೇಲೆ ಅಂಗಾತ ಮಲಗಿಸಿ, ದಿಂಬು ಬೇಡ.

ಎರಡು ವರ್ಷ ದಾಟಿದ ಮಗು ಶೀತ ಇಲ್ಲದಾಗಲೂ ಬಾಯಿಂದ ಉಸಿರಾಡಿ ಗೊರಕೆ ಹೊಡೆದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿರಬಹುದು. ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ.

ಕೊನೆಗೆ ಎಣಿಕೆ. ಕೂಸು ಶಾಂತವಾಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಎಷ್ಟು ಸಲ ಏರಿತು ಎಂದು ಪೂರ್ತಿ ಒಂದು ನಿಮಿಷ ನೋಡಿ. ಕೂಸಿನ ಉಸಿರು ಒಮ್ಮೆ ಜೋರು, ಒಮ್ಮೆ ನಿಧಾನ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗೆ 60 ಅಥವಾ ಜಾಸ್ತಿ, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಜಾಸ್ತಿ ಬಂದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನೇ ಬಿಟ್ಟರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ನಮ್ಮ ಕೂಸಿನದು 44 ಬಂತು. ಎರಡು ಸಲ ಎಣಿಸಿದೆವು. ಆಯಿ ಎಣ್ಣೆ ಬಟ್ಟಲನ್ನು ತನ್ನ ಮಂಡಿಗೆ ಹಚ್ಚಿಕೊಳ್ಳಲು ಒಯ್ದಳು.