ಮನೆ ಸಾಮಾನಿಗೆ ಎಷ್ಟು ಅಡಿ ಗಾಡಿ ಬೇಕು?

"ಹಿಡಿಯುತ್ತೆ ಬಿಡು."

ನಾವು ಮೊದಲ ಸಲ ಮನೆ ಬದಲಾಯಿಸಿದಾಗ ನನ್ನ ಗಂಡ ಹೇಳಿದ ಮಾತು ಇದು. ಬಾಡಿಗೆಗೆ ತಂದ ಗಾಡಿ 10 ಅಡಿಯದು. ನಮ್ಮದು ಎರಡು ಬೆಡ್‌ರೂಮಿನ ಮನೆ. ಸಂಸಾರ ಹೂಡಿ ಇನ್ನೂ ನಾಲ್ಕು ವರ್ಷ, ಅಂಥ ಸಾಮಾನೇನಿದೆ ಅಂತ ನನಗೂ ಅನ್ನಿಸಿತ್ತು. ಮಧ್ಯಾಹ್ನ ಮೂರಕ್ಕೆ ಗಾಡಿಯ ಬಾಗಿಲು ಹಾಕಿದಾಗ ರಸ್ತೆ ಬದಿಯಲ್ಲಿ ಒಂದು ಸೈಕಲ್, ಚಪ್ಪಲಿ ಸ್ಟ್ಯಾಂಡು, ಏಳು ಹೂಕುಂಡ, ಇಸ್ತ್ರಿ ಮೇಜು, ಬಟ್ಟೆ ಒಣಹಾಕುವ ಸ್ಟ್ಯಾಂಡು, ಪೊರಕೆ ಸಿಕ್ಕಿಸಿದ ಎರಡು ಬಕೆಟ್ ನಿಂತಿದ್ದವು. ಪಕ್ಕದಲ್ಲಿ ನಾನು. ದೊಡ್ಡ ಸಾಮಾನು ಒಂದೂ ಉಳಿದಿರಲಿಲ್ಲ ನೋಡಿ, ಎಲ್ಲ ಚಿಲ್ಲರೆಯೇ. ಆ ಚಿಲ್ಲರೆಗೋಸ್ಕರ ಇನ್ನೊಂದು ಟ್ರಿಪ್ ಹೊಡೆದು, ಎಲ್ಲ ಇಳಿಸುವಾಗ ರಾತ್ರಿ ಹನ್ನೊಂದು.

ಎರಡನೇ ಸಲ ಬುದ್ಧಿ ಬಂತು ಅಂದುಕೊಂಡು, ಸಿಕ್ಕಿದ್ದರಲ್ಲೇ ದೊಡ್ಡ ಗಾಡಿ ತರಿಸಿದೆವು. ಅದು ಹೊಸ ಮನೆಯ ಬೀದಿಯ ತಿರುವಿನಲ್ಲಿ ತಿರುಗಲೇ ಇಲ್ಲ. ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ ಫ್ರಿಜ್ಜನ್ನು ಅಷ್ಟು ದೂರ ತಳ್ಳಿಕೊಂಡು ಬಂದದ್ದಾಯಿತು. ಜೊತೆಗೆ ಒಳಗೆ ಅರ್ಧ ಜಾಗ ಖಾಲಿ. ಒಂದು ಬ್ರೇಕಿಗೆ ಕನ್ನಡಿ ಬೀರು ಮುಂದಕ್ಕೆ ಜಾರಿ ಮಂಚದ ಮೂಲೆಗೆ ಹೊಡೆಯಿತು. ಕನ್ನಡಿ ಹೋಯಿತು.

ಮೂರನೇ ಸಲ ಯಾರ ಮಾತೂ ಕೇಳಲಿಲ್ಲ. ಟೇಪು ಹಿಡಿದೆ.

ಗಾಡಿ ಬಾಡಿಗೆಗೆ ಕೊಡುವವರು ಮೊದಲು ಕೇಳುವುದು ಎಷ್ಟು ಬೆಡ್‌ರೂಮು ಅಂತ. ಒಂದು ಬೆಡ್‌ರೂಮಿಗೆ ಇಷ್ಟು ಅಡಿ, ಎರಡಕ್ಕೆ ಇಷ್ಟು ಅಂತ ಅವರ ಬಳಿ ಒಂದು ಲೆಕ್ಕ ಇರುತ್ತದೆ. ತಪ್ಪು ಅಂತಲ್ಲ, ಅಂದಾಜಿಗೆ ಸಾಕು. ಆದರೆ ಗಾಡಿಗೆ ಏರುವುದು ಬೆಡ್‌ರೂಮಲ್ಲ, ಸಾಮಾನು. ನನ್ನ ಅಕ್ಕನದು ಮೂರು ಬೆಡ್‌ರೂಮಿನ ಮನೆ, ಬೀರುಗಳೆಲ್ಲ ಗೋಡೆಗೇ ಕೂರಿಸಿದವು, ಮಾತಾಡಿದರೆ ಮಾರ್ದನಿ ಬರುತ್ತದೆ. ನಮ್ಮದು ಎರಡು ಬೆಡ್‌ರೂಮು, ನಡೆಯಲು ಅಡ್ಡ ತಿರುಗಬೇಕು. ಇಬ್ಬರಿಗೂ ಒಂದೇ ಲೆಕ್ಕ ಹೇಗೆ ಸರಿಹೋದೀತು?

ಹಾಗಾಗಿ ಘನ ಅಡಿ ಲೆಕ್ಕವೇ ಸರಿ. ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿದರೆ ಮುಗಿಯಿತು. ಮೀಟರಿನಲ್ಲಿ ಅಳೆಯುವವರಿಗೆ, ಒಂದು ಘನ ಮೀಟರ್ ಅಂದರೆ ಸುಮಾರು 35 ಘನ ಅಡಿ. ಒಂದು ಸಂಜೆಯ ಕೆಲಸ ಅಷ್ಟೇ.

ಅಳೆಯುವಾಗ ಸಾಮಾನಿನ ಅತಿ ಉಬ್ಬಿದ ಜಾಗಕ್ಕೆ ಟೇಪು ಇಡಿ. ನಮ್ಮ ಬೀರುವಿನ ಅಗಲ 4 ಅಡಿ, ಆಳ 22 ಇಂಚು ಅಂತ ಮೊದಲು ಬರೆದುಕೊಂಡೆ. ಆಮೇಲೆ ನೋಡಿದರೆ ಹಿಡಿ 2 ಇಂಚು ಮುಂದಕ್ಕೆ ಚಾಚಿದೆ. ಆ ಹಿಡಿಯ ಮುಂದೆ ಇನ್ನೊಂದು ಸಾಮಾನು ಒತ್ತಿ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಆಳ 22 ಇಂಚಲ್ಲ, 24. ಸೋಫಾ ಕೂಡ ಹಾಗೆಯೇ. ಕೂರುವ ಜಾಗವನ್ನಲ್ಲ, ಕೈಯ ಹೊರಗಿನಿಂದ ಹೊರಗಿಗೆ ಅಳೆಯಬೇಕು.

ನನ್ನ ಪಟ್ಟಿಯನ್ನೇ ಹೇಳಿಬಿಡುತ್ತೇನೆ, ನಿಮ್ಮದಕ್ಕೆ ಹೋಲಿಸಿ ನೋಡಿ. ಮೂರು ಜನ ಕೂರುವ ಸೋಫಾ 7 ಅಡಿ ಉದ್ದ, 3 ಅಗಲ, 3 ಎತ್ತರ, ಅಲ್ಲಿಗೆ 63. ದೊಡ್ಡ ಮಂಚ ಬಿಚ್ಚಿದ್ದು ಮತ್ತು ಅದರ ಹಾಸಿಗೆ ಸೇರಿ 52, ಮಗಳ ಚಿಕ್ಕ ಮಂಚ ಮತ್ತು ಹಾಸಿಗೆ 25. ಬೀರು ಒಂದಕ್ಕೆ 52, ಎರಡಿವೆ. ಫ್ರಿಜ್ 38, ಬಟ್ಟೆ ಒಗೆಯುವ ಮಷಿನ್ 12. ಊಟದ ಮೇಜು ಕಾಲು ಬಿಚ್ಚಿದರೆ 8, ಬಿಚ್ಚದಿದ್ದರೆ ಹತ್ತಿರ ಹತ್ತಿರ 38! ನಾಲ್ಕು ಸ್ಕ್ರೂ ತೆಗೆಯಲು ಸೋಮಾರಿತನ ಮಾಡಿದರೆ ಒಂದು ಫ್ರಿಜ್ಜಿನ ಮುಕ್ಕಾಲು ಭಾಗ ಜಾಗ ಗಾಳಿಗೆ ಹೋಗುತ್ತದೆ. ನಾಲ್ಕು ಕುರ್ಚಿ 27, ಓದುವ ಮೇಜು 20, ಪುಸ್ತಕದ ಕಪಾಟು 18, ಟಿವಿ ಅದರ ಡಬ್ಬಿಯಲ್ಲಿ 10. ದೊಡ್ಡ ರಟ್ಟಿನ ಡಬ್ಬಿ ಒಂದಕ್ಕೆ 3 ಘನ ಅಡಿಯಂತೆ 40 ಡಬ್ಬಿಗೆ 120. ಪುಸ್ತಕದ ಚಿಕ್ಕ ಡಬ್ಬಿ ಒಂದೂವರೆಯಂತೆ 20ಕ್ಕೆ 30. ಸೈಕಲ್ 29. ಹೂಕುಂಡ, ಬಕೆಟ್, ಇಸ್ತ್ರಿ ಮೇಜಿನಂಥ ಚಿಲ್ಲರೆಗೆ 30 ಇಟ್ಟೆ. ಒಟ್ಟು 586.

ಡಬ್ಬಿಗಳ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಅಡುಗೆಮನೆಯೊಂದೇ ಹದಿನೈದು ಡಬ್ಬಿ ನುಂಗಿಬಿಡುತ್ತದೆ. ಇನ್ನು ಅಟ್ಟ. ದಯವಿಟ್ಟು ಏಣಿ ಹಾಕಿ ಹತ್ತಿ ನೋಡಿ. ನಮ್ಮ ಅಟ್ಟದಲ್ಲಿ ಎರಡು ಸೂಟ್‌ಕೇಸು, ಒಂದು ತೊಟ್ಟಿಲು, ಕೆಟ್ಟುಹೋದ ಟೇಬಲ್ ಫ್ಯಾನು, ಮತ್ತು ಹಿಂದಿನ ಸಲ ಮನೆ ಬದಲಾಯಿಸಿದಾಗ ಬಿಚ್ಚದೇ ಹಾಗೇ ಇಟ್ಟ ಮೂರು ಡಬ್ಬಿ ಸಿಕ್ಕವು. ಎಂಟು ವರ್ಷ ಬಿಚ್ಚದ ಡಬ್ಬಿಯನ್ನು ಮತ್ತೆ ಗಾಡಿಗೆ ಹಾಕಬೇಕಾ? ತೊಟ್ಟಿಲು ಅಕ್ಕನ ಸೊಸೆಗೆ ಹೋಯಿತು, ಡಬ್ಬಿಗಳು ಗುಜರಿಗೆ. ಗಾಡಿ ಚಿಕ್ಕದಾಗಬೇಕು ಅಂತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಕೊಡುವುದನ್ನು ಮೊದಲು ಕೊಟ್ಟು, ಆಮೇಲೆ ಅಳೆಯಿರಿ. "ಇದನ್ನು ಹೇಗೂ ಕೊಡ್ತೀವಲ್ಲ" ಅಂತ ಪಟ್ಟಿಯಿಂದ ಬಿಟ್ಟದ್ದೆಲ್ಲ ಕೊನೆಯ ದಿನ ಬಾಗಿಲಲ್ಲೇ ನಿಂತಿರುತ್ತದೆ.

ಈಗ ಗಾಡಿ. ಆ ಸಲ ನನ್ನ ಮುಂದೆ ಎರಡಿದ್ದವು, 14 ಅಡಿಯದು ಮತ್ತು 16 ಅಡಿಯದು. ಹೆಸರು ಕೇಳಿದರೆ ಎರಡೇ ಅಡಿ ವ್ಯತ್ಯಾಸ. ಆದರೆ ಹೆಸರಿನಲ್ಲಿರುವುದು ಉದ್ದ ಮಾತ್ರ. ಒಳಗಿನ ಅಳತೆ ಕೇಳಿದೆ. 14 ಅಡಿಯದಕ್ಕೆ ಅಗಲ ಆರೂವರೆ, ಎತ್ತರ ಆರೂವರೆ, ಅಂದರೆ ಸುಮಾರು 592 ಘನ ಅಡಿ. 16 ಅಡಿಯದು 7 ಅಗಲ, 7 ಎತ್ತರ, 784. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜಾಸ್ತಿ! ಹಾಗಾಗಿ ಎಷ್ಟು ಅಡಿ ಅಂತ ಕೇಳಿ ಸುಮ್ಮನಾಗಬೇಡಿ. ಒಳಗಿನ ಉದ್ದ, ಅಗಲ, ಎತ್ತರ ಮೂರನ್ನೂ ಕೇಳಿ. ಸಾಮಾನು ಹಿಡಿಯುತ್ತದಾ ಅನ್ನುವ ಲೆಕ್ಕಕ್ಕೆ ಹೊರಗಿನ ಅಳತೆ ಬಾರದು. ಚಕ್ರದ ಮೇಲಿನ ಉಬ್ಬು ಒಳಗೆ ಬಂದಿದ್ದರೆ ಅದೂ ಜಾಗ ತಿನ್ನುತ್ತದೆ. ಕೆಲವು ಗಾಡಿಗಳಲ್ಲಿ ಡ್ರೈವರ್ ಕ್ಯಾಬಿನ್ನಿನ ಮೇಲೂ ಒಂದು ಗೂಡು ಇರುತ್ತದೆ. ಅದನ್ನೂ ಒಟ್ಟು ಘನ ಅಡಿಯಲ್ಲಿ ಸೇರಿಸಿ ಹೇಳಿರುತ್ತಾರೆ. ಅಲ್ಲಿ ದಿಂಬು, ಹಗುರ ಡಬ್ಬಿ ಇಡಬಹುದೇ ಹೊರತು ಬೀರು ಏರುವುದಿಲ್ಲ.

ನನ್ನ ಸಾಮಾನು 586, ಚಿಕ್ಕ ಗಾಡಿ 592. ಕಾಗದದ ಮೇಲೆ 6 ಘನ ಅಡಿ ಮಿಕ್ಕುತ್ತದೆ. ನನ್ನ ಗಂಡ ಚೀಟಿ ನೋಡಿ "ಹಿಡಿಯುತ್ತೆ ಬಿಡು" ಅಂದರು. ಹಿಡಿಯುವುದಿಲ್ಲ. ಸಾಮಾನು ನೀರಲ್ಲ, ಮೂಲೆ ಮೂಲೆಗೆ ಹರಿದು ತುಂಬಿಕೊಳ್ಳಲು. ಸೋಫಾದ ಬೆನ್ನು ಓರೆ, ಕುರ್ಚಿಯ ಕಾಲಿನ ನಡುವೆ ಖಾಲಿ, ಹೂಕುಂಡದ ಮೇಲೆ ಏನೂ ಇಡುವ ಹಾಗಿಲ್ಲ, ಫ್ರಿಜ್ಜಿನ ಮೇಲೆ ಹಗುರವಾದದ್ದು ಮಾತ್ರ. ಅದಕ್ಕೇ ಬಂದ ಮೊತ್ತಕ್ಕೆ ಕಾಲು ಭಾಗ ಸೇರಿಸಬೇಕು. 586ಕ್ಕೆ ಕಾಲು ಭಾಗ ಸೇರಿಸಿದರೆ ಸುಮಾರು 732. ಅಲ್ಲಿಗೆ 16 ಅಡಿಯದೇ. ಪೂರ್ತಿ ಡಬ್ಬಿಯಲ್ಲೇ ತುಂಬಿಸಿ, ಎಲ್ಲ ಒಂದೇ ಅಳತೆಯವಾದರೆ ಐದನೇ ಒಂದು ಭಾಗ ಸಾಕಾಗಬಹುದು. ಸೈಕಲ್, ಗಿಡ, ಮಕ್ಕಳ ಆಟದ ಗಾಡಿ ಅಂತ ಅಂಕುಡೊಂಕು ಜಾಸ್ತಿ ಇದ್ದರೆ ಮೂರನೇ ಒಂದು ಭಾಗವೇ ಸೇರಿಸಿ.

ಘನ ಅಡಿ ಸರಿಹೋದ ಮೇಲೂ ಒಂದು ಸಾಮಾನು ಕೈಕೊಡಬಹುದು. ಮನೆಯಲ್ಲಿ ಬಿಚ್ಚಲಾಗದ ಅತಿ ಎತ್ತರದ್ದು ಯಾವುದು, ಅತಿ ಉದ್ದದ್ದು ಯಾವುದು? ಅವೆರಡನ್ನು ಬೇರೆಯಾಗಿ ಬರೆದುಕೊಳ್ಳಿ. ನಮ್ಮ ಬೀರು ಆರೂವರೆ ಅಡಿ. ಆ ಚಿಕ್ಕ ಗಾಡಿಯ ಒಳ ಎತ್ತರವೂ ಆರೂವರೆಯೇ, ಆದರೆ ಹಿಂದಿನ ಬಾಗಿಲಿನ ಎತ್ತರ ಅದಕ್ಕಿಂತ ಕಡಿಮೆ. ಮೇಲಕ್ಕೆ ಸುತ್ತಿಕೊಳ್ಳುವ ಶಟರ್ ಇದ್ದರೆ ಅದರ ಸುರುಳಿ ಮೇಲಿನ ಜಾಗ ತಿಂದಿರುತ್ತದೆ. ಬೀರುವನ್ನು ಮಲಗಿಸಿಯೇ ಒಯ್ಯಬೇಕಾಗುತ್ತಿತ್ತು, ಮಲಗಿಸಿದರೆ ನೆಲದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಜಾಗ. ಫ್ರಿಜ್ಜನ್ನಂತೂ ನಿಲ್ಲಿಸಿಯೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗೆ ಹರಿಯುತ್ತದೆ, ಆಮೇಲೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸದೆ ಸ್ವಿಚ್ ಹಾಕುವ ಹಾಗಿಲ್ಲ. ದೊಡ್ಡ ಹಾಸಿಗೆಯನ್ನು ಮಗ್ಗುಲಾಗಿ ಗೋಡೆಗೆ ಒರಗಿಸಿದರೆ ಒಂದು ಅಡಿಯೂ ಬೇಡ.

ತೂಕದ ವಿಷಯ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಮನೆ ಸಾಮಾನು ನೋಡಲು ದೊಡ್ಡದು, ತೂಕಕ್ಕೆ ಹಗುರ. ಸಾಗಿಸುವವರ ಲೆಕ್ಕದಲ್ಲಿ ಒಂದು ಘನ ಅಡಿಗೆ 3 ಕೆ.ಜಿ.ಗಿಂತ ಸ್ವಲ್ಪ ಮೇಲೆ. ಅಂದರೆ ನನ್ನ 586 ಘನ ಅಡಿಗೆ 1.9 ಟನ್ ಹತ್ತಿರ. ಗಾಡಿ ಎಷ್ಟು ಹೊರಬಹುದು ಅಂತ ಕೇಳಿ ಇದಕ್ಕೆ ಹೋಲಿಸಿದರೆ ಆಯಿತು. ಆದರೆ ಪುಸ್ತಕ ಜಾಸ್ತಿ ಇರುವವರು, ಕಲ್ಲಿನ ಮೇಜು ಇರುವವರು, ವ್ಯಾಯಾಮದ ಕಬ್ಬಿಣ ಇರುವವರು ಮಾತ್ರ ಬೇರೆಯಾಗಿ ಕೂಡಿಸಬೇಕು. ಒಂದೂವರೆ ಘನ ಅಡಿಯ ಪುಸ್ತಕದ ಡಬ್ಬಿಯೇ ಇಪ್ಪತ್ತು ಕೆ.ಜಿ. ದಾಟುತ್ತದೆ. ಪುಸ್ತಕವನ್ನು ದೊಡ್ಡ ಡಬ್ಬಿಗೆ ತುಂಬಬೇಡಿ, ತಳ ಕಳಚಿಕೊಳ್ಳುತ್ತದೆ. ಇದು ಮೆಟ್ಟಿಲಲ್ಲಿ ಕಲಿತ ಪಾಠ.

ನೀವೇ ಓಡಿಸುವುದಾದರೆ ಇನ್ನೊಂದು ಮಾತು. ನಿಮ್ಮ ಲೈಸೆನ್ಸು ಎಷ್ಟು ತೂಕದ ಗಾಡಿಗೆ ಅಂತ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ. ಖಾಲಿ ಗಾಡಿಯ ತೂಕವಲ್ಲ, ಲೋಡ್ ಸೇರಿದ ಒಟ್ಟು ತೂಕದ ಮಿತಿ ನೋಡಬೇಕು. ಕಾರು ಓಡಿಸಿ ಅಭ್ಯಾಸ ಇದ್ದವರಿಗೆ ಹಿಂದಿನ ಗಾಜಿನಲ್ಲಿ ಏನೂ ಕಾಣದ ಗಾಡಿ ದಿಗಿಲು ಹುಟ್ಟಿಸುತ್ತದೆ. ಗಾಡಿಯ ಹೊರಗಿನ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ತಗ್ಗು ಸೇತುವೆ ಎದುರಾದಾಗ ನೆನಪು ಮಾಡಿಕೊಳ್ಳುತ್ತಾ ಕೂರಲು ಆಗುವುದಿಲ್ಲ.

ಎರಡೂ ಮನೆಯ ಮುಂದೆ ಒಂದು ಸಲ ನಡೆದು ನೋಡುವುದು ನನ್ನ ಪ್ರಕಾರ ಕಡ್ಡಾಯ. ಕನ್ನಡಿ ಒಡೆಸಿಕೊಂಡವಳ ಮಾತು ಇದು. ಬೀದಿಯ ಅಗಲ ಎಷ್ಟು, ಎರಡೂ ಬದಿ ಕಾರು ನಿಂತರೆ ಎಷ್ಟು ಉಳಿಯುತ್ತದೆ, ತಿರುವು ಎಲ್ಲಿದೆ, ಮರದ ಕೊಂಬೆ, ವಿದ್ಯುತ್ ತಂತಿ ಎಷ್ಟು ತಗ್ಗಿನಲ್ಲಿವೆ, ಗೇಟಿನ ಮೇಲೆ ಕಮಾನು ಇದೆಯಾ. ಹೋಗುವಾಗ ಸಾಮಾನ್ಯವಾಗಿ ಮನೆಯ ಒಳಗನ್ನೇ ನೋಡುತ್ತೇವೆ, ಬೀದಿಯನ್ನು ನೋಡುವುದಿಲ್ಲ. ದೊಡ್ಡ ಗಾಡಿ ಬರಲು ಸಾಧ್ಯವೇ ಇಲ್ಲದಿದ್ದರೆ ಚಿಕ್ಕದರಲ್ಲಿ ಎರಡು ಟ್ರಿಪ್ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಅರ್ಧ ಗಂಟೆಯ ದಾರಿಯಾದರೆ ಅದೇನೂ ನಷ್ಟವಲ್ಲ. ನೂರಾರು ಕಿಲೋಮೀಟರಾದರೆ ಎರಡನೇ ಟ್ರಿಪ್ ಅನ್ನುವ ಮಾತೇ ಇಲ್ಲ, ಅಲ್ಲಿ ಒಂದು ಸೈಜು ದೊಡ್ಡದೇ ಇರಲಿ.

ಎರಡು ಸೈಜಿನ ನಡುವೆ ಮನಸ್ಸು ತೂಗಾಡಿದರೆ ದೊಡ್ಡದಕ್ಕೇ ಹೋಗಿ, ಒಂದೇ ಒಂದು ಹೆಜ್ಜೆ. ಎರಡು ಹೆಜ್ಜೆ ಹೋದರೆ ನಮ್ಮ ಕನ್ನಡಿಯ ಕಥೆ. ಸ್ವಲ್ಪ ಖಾಲಿ ಉಳಿದರೆ ಸಾಮಾನನ್ನೆಲ್ಲ ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ, ನೆಲದಿಂದ ಸೂರಿನವರೆಗೆ ಗೋಡೆ ಕಟ್ಟಿದಂತೆ ಏರಿಸಿ, ಮೂರು ನಾಲ್ಕು ಅಡಿಗೊಮ್ಮೆ ಹಗ್ಗ ಬಿಗಿದರೆ ಜಾರುವುದಿಲ್ಲ. ನೆಲದ ತುಂಬ ಹರಡಿದರೆ ಎಲ್ಲವೂ ಕುಣಿಯುತ್ತವೆ. ತೂಕದ್ದು ಮುಂದೆ ಮತ್ತು ಕೆಳಗೆ.

ಗಾಡಿ ಬಂದ ದಿನ ಒಂದು ಡಬ್ಬಿಯನ್ನೂ ಏರಿಸುವ ಮೊದಲು ಒಳಗೆ ಹತ್ತಿ ಟೇಪು ಹಿಡಿಯಿರಿ. ನಾಚಿಕೊಳ್ಳಬೇಡಿ. ನಾಲ್ಕನೇ ಸಲ ಮನೆ ಬದಲಾಯಿಸಿದಾಗ ನಮಗೆ ಹೇಳಿದ್ದು 16 ಅಡಿ, ಬಂದಿದ್ದು ಒಳಗೆ ಹದಿನಾಲ್ಕೂ ಕಾಲು. "ಅದೇ ಮೇಡಂ, ಎಲ್ಲರೂ ಹದಿನಾರು ಅಂತಲೇ ಅನ್ನೋದು" ಅಂದರು ಡ್ರೈವರ್. ಖಾಲಿ ಗಾಡಿ ಆಗಿದ್ದರಿಂದ ಫೋನ್ ಮಾಡಿ ಬೇರೆ ತರಿಸಲು ಒಂದೂವರೆ ಗಂಟೆ ಹಿಡಿಯಿತು, ಅಷ್ಟೇ. ಸೋಫಾ, ಫ್ರಿಜ್ ಏರಿದ ಮೇಲಾಗಿದ್ದರೆ ನಾನೂ "ಹಿಡಿಯುತ್ತೆ ಬಿಡು" ಅಂತಲೇ ಅನ್ನುತ್ತಿದ್ದೆನೋ ಏನೋ. ಎರಡನೇ ಗಾಡಿಯಲ್ಲಿ ಬಾಗಿಲ ಬಳಿ ಒಂದೂವರೆ ಅಡಿ ಜಾಗ ಮಿಕ್ಕಿತು. ಸೈಕಲ್ ಅಡ್ಡ ನಿಲ್ಲಿಸಿ, ಅದಕ್ಕೇ ಬಕೆಟ್ ಎರಡನ್ನೂ ನೇತುಹಾಕಿದೆವು.