ಡ್ರಾಯಿಂಗ್ ಕಾಲೇಜಿಗೆ ಅರ್ಜಿ ಹಾಕುವ ಮೊದಲು ಒಂದು ತಿಂಗಳು ಹೀಗೆ ಮಾಡಿ ನೋಡಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ‘ಆರ್ಟ್ಸ್ ಕಾಲೇಜು’ ಅಂದರೆ ಬಿ.ಎ. ಓದುವ ಜಾಗ. ಚಿತ್ರ, ಶಿಲ್ಪ ಕಲಿಸುವಲ್ಲಿಗೆ ಜನ ‘ಡ್ರಾಯಿಂಗ್ ಕಾಲೇಜು’ ಅನ್ನುತ್ತಾರೆ. ಅಲ್ಲಿನ ಪದವಿ ಬಿ.ವಿ.ಎ. (ದೃಶ್ಯಕಲಾ ಪದವಿ), ಪಿಯುಸಿ ಮುಗಿದ ಮೇಲೆ 4 ವರ್ಷ. ಸೈನ್ಸ್ ಓದಿದವರಿಗೂ ಕಾಮರ್ಸ್ ಓದಿದವರಿಗೂ ಬಾಗಿಲು ತೆರೆದೇ ಇರುತ್ತದೆ. ಮೊದಲ ವರ್ಷ ಎಲ್ಲರಿಗೂ ಒಂದೇ ಬುನಾದಿ ಪಾಠ. ಆಮೇಲೆ ಪೇಂಟಿಂಗ್, ಶಿಲ್ಪ, ಗ್ರಾಫಿಕ್ಸ್, ಅಪ್ಲೈಡ್ ಆರ್ಟ್ (ಜಾಹೀರಾತು, ವಿನ್ಯಾಸ) ಎಂದು ಹಾದಿ ಕವಲೊಡೆಯುತ್ತದೆ. ಇಲ್ಲಿ ‘ಗ್ರಾಫಿಕ್ಸ್’ ಅಂದರೆ ಕಂಪ್ಯೂಟರ್ ಅಲ್ಲ. ಲಿನೋ (ರಬ್ಬರಿನಂಥ ಮೆತ್ತನೆಯ ಹಾಳೆ), ಮರ, ಸತುವಿನ ತಗಡು ಕೆತ್ತಿ ಮಸಿ ಹಚ್ಚಿ ಅಚ್ಚು ತೆಗೆಯುವ ಕೆಲಸ ಅದು. ಫೋಟೋಶಾಪ್ ಕಲಿಸುತ್ತಾರೆಂದು ಆ ವಿಭಾಗಕ್ಕೆ ಸೇರಿ ಪೇಚಾಡುವವರು ಉಂಟು.

ಸೇರಬೇಕೋ ಬೇಡವೋ ಅನ್ನುವುದಕ್ಕೆ ‘ನನ್ನ ಕೈಯಲ್ಲಿ ಕಲೆ ಇದೆಯಾ’ ಅನ್ನುವ ಪ್ರಶ್ನೆ ಉಪಯೋಗಕ್ಕೆ ಬರುವುದಿಲ್ಲ. ಬರೆದದ್ದನ್ನೇ ಮತ್ತೆ ಬರೆಯಲು ಬೇಸರ ಬರುತ್ತದೋ ಇಲ್ಲವೋ, ಅದನ್ನು ನೋಡಿಕೊಳ್ಳಿ. ಕಾಲೇಜಿನ ಬಹುಪಾಲು ದಿನ ಕಳೆಯುವುದು ಅದರಲ್ಲೇ.

ಒಂದು ಅಗ್ಗದ ಉದ್ದ ನೋಟ್‌ಬುಕ್, 2ಬಿ ಮತ್ತು 6ಬಿ ಪೆನ್ಸಿಲ್, ಒಂದು ಬ್ಲೇಡು ಸಾಕು. ದಿನಾ ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಕೂತು 10 ಸ್ಕೆಚ್, ಒಂದೊಂದಕ್ಕೆ ಎರಡೇ ನಿಮಿಷ. ಚೀಲದ ಮೇಲೆ ಕೂತ ಅಜ್ಜ, ಕಂಬಕ್ಕೆ ಒರಗಿದ ಕಂಡಕ್ಟರ್, ಯಾರಾದರೂ ಸರಿ. ಕಣ್ಣು ಮೂಗಿಗೆ ಕೈ ಹಾಕಬೇಡಿ. ಬೆನ್ನಿನ ಬಾಗು, ಭಾರ ಯಾವ ಕಾಲ ಮೇಲಿದೆ, ಅಷ್ಟನ್ನು ಹಿಡಿಯಿರಿ. ರಬ್ಬರ್ ಮನೆಯಲ್ಲೇ ಬಿಡಿ. ತಿಂಗಳಿಗೆ 300 ಸ್ಕೆಚ್ ಆಗುತ್ತವೆ. 290 ಕೆಟ್ಟಿರುತ್ತವೆ, ಇರಲಿ.

ವಾರಕ್ಕೊಮ್ಮೆ 3 ಗಂಟೆಯ ಒಂದು ಸ್ಟಿಲ್ ಲೈಫ್, ಅಂದರೆ ಎದುರಿಗಿಟ್ಟ ವಸ್ತುಗಳ ಚಿತ್ರ. ಹಿತ್ತಾಳೆ ಚೊಂಬು, ಎರಡು ಉಳ್ಳಾಗಡ್ಡಿ, ಮಡಚಿದ ಟವೆಲ್. ಬೆಳಕು ಒಂದೇ ಕಿಟಕಿಯಿಂದ. ಹೊಸಬರು ಎಡವುವುದು ಚೊಂಬಿನ ಬಾಯಿಯಲ್ಲಿ. ಬಾಯಿಯ ಎರಡೂ ತುದಿಯನ್ನು ಮೀನಿನ ಆಕಾರದಲ್ಲಿ ಚೂಪಾಗಿ ಸೇರಿಸಿಬಿಡುತ್ತಾರೆ. ಮೇಲಿನಿಂದ ನೋಡುವಾಗ ದುಂಡು ಬಾಯಿ ಚಪ್ಪಟೆಯಾಗಿ ಕಾಣುವುದೇನೋ ನಿಜ, ಆದರೆ ತುದಿಯಲ್ಲಿ ಗೆರೆ ಮುರಿಯುವುದಿಲ್ಲ, ತಿರುಗುತ್ತದೆ. ಅದಕ್ಕಿಂತ ದೊಡ್ಡ ತಪ್ಪು ತಳದಲ್ಲಿ. ನೆಲದ ಮೇಲೆ ಇಟ್ಟಿದೆ ಎಂದುಕೊಂಡು ತಳಕ್ಕೆ ನೇರ ಗೆರೆ ಎಳೆದುಬಿಡುತ್ತಾರೆ. ತಳ ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚಬೇಕು. ಇದೊಂದು ಸರಿಹೋದರೆ ಚೊಂಬು ತಾನಾಗಿ ನೆಲಕ್ಕೆ ಕೂರುತ್ತದೆ. ನೆರಳನ್ನು ಬೆರಳಿನಿಂದ ತಿಕ್ಕಬೇಡಿ. ಕೈಯ ಜಿಡ್ಡು ಕಾಗದಕ್ಕೆ ಹತ್ತಿ ಅಲ್ಲಿ ಗ್ರಾಫೈಟ್ ಮಿರಮಿರ ಹೊಳೆಯುತ್ತದೆ, ಅಳಿಸಿದರೂ ಹೋಗದು.

ಮೊಬೈಲ್ ಫೋಟೋಗೆ ಚೌಕುಳಿ ಹಾಕಿ ಬರೆದ ನಟರ ಮುಖಗಳು ಊರಲ್ಲಿ ಹೆಸರು ತರುತ್ತವೆ, ಪ್ರವೇಶ ಪರೀಕ್ಷೆಯಲ್ಲಿ ತರುವುದಿಲ್ಲ. ಅಲ್ಲಿ ವಸ್ತುವನ್ನು ಎದುರಿಗಿಟ್ಟು ಬರೆಸುತ್ತಾರೆ, ಇಲ್ಲವೇ ‘ಸಂತೆ’, ‘ಬಾವಿಕಟ್ಟೆ’ ಅಂಥ ವಿಷಯ ಕೊಟ್ಟು ನೆನಪಿನಿಂದ ರಚಿಸಿ ಅನ್ನುತ್ತಾರೆ. ಸಂದರ್ಶನಕ್ಕೂ ಆ ನೋಟ್‌ಬುಕ್ಕನ್ನೇ ಒಯ್ಯಿರಿ. ನಾಲ್ಕು ಫ್ರೇಮು ಹಾಕಿದ ಭಾವಚಿತ್ರಕ್ಕಿಂತ ಅದರ ಮಾತು ಜಾಸ್ತಿ ನಡೆಯುತ್ತದೆ.

ತಿಂಗಳ ಕೊನೆಗೆ ಎಷ್ಟು ದಿನ ತಪ್ಪಿಸಿದ್ದೀರಿ ಎಣಿಸಿ. ಹತ್ತಕ್ಕಿಂತ ಹೆಚ್ಚಾದರೆ 4 ವರ್ಷದ ಮಾತು ಇನ್ನೊಮ್ಮೆ ಯೋಚಿಸಿ. ಬೇಕಾಗಿರುವುದು ಫ್ಲೆಕ್ಸ್ ಅಂಗಡಿಯ ಕೆಲಸ, ಬಳ್ಳಾರಿ ಜೀನ್ಸಿನವರಿಗೆ ಲೇಬಲ್ ವಿನ್ಯಾಸ ಅಷ್ಟೇ ಆದರೆ ಪದವಿಯೇ ಬೇಕಿಲ್ಲ. ಅಂಗಡಿಯಲ್ಲೇ ಕೂತು ಕೋರಲ್‌ಡ್ರಾ ಕಲಿಯುವುದು ಬೇಗ, ಅಗ್ಗ. ಮರದ ಬಣ್ಣದ ಗೊಂಬೆ ಸೆಳೆಯುತ್ತದೋ, ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಮೊದಲು ಹೋಗಿ. ಹುಣಸೆಬೀಜದ ಅಂಟು, ಕಟ್ಟಿಗೆ ಹೊಟ್ಟು ಕಲಸಿ ಮೈ ತುಂಬುವ ಆ ಕೆಲಸ ಕಾಲೇಜಿನ ಪಾಠಪಟ್ಟಿಯಲ್ಲಿ ಸಿಗುವುದು ಅಪರೂಪ. ಡ್ರಾಯಿಂಗ್ ಮಾಸ್ತರ ಆಗುವ ಆಸೆ ಇದ್ದವರು ಹಿಂದಿನ ನೇಮಕಾತಿಯ ಅಧಿಸೂಚನೆ ತೆಗೆದು, ಅದರಲ್ಲಿ ಕೇಳಿದ ಪದವಿಯೂ ನೀವು ಸೇರುವ ಕೋರ್ಸೂ ಒಂದೇನಾ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ. ಡಿಪ್ಲೊಮಾ ಬೇರೆ, ವಿಶ್ವವಿದ್ಯಾಲಯದ ಬಿ.ವಿ.ಎ. ಬೇರೆ.

ಹತ್ತಿರದಲ್ಲಿ ಕಲಬುರಗಿ, ದಾವಣಗೆರೆ, ಗದಗ, ಧಾರವಾಡದಲ್ಲಿ ಕಾಲೇಜುಗಳಿವೆ. ದೂರಕ್ಕೆ ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಬೆಂಗಳೂರಿನ ಚಿತ್ರಕಲಾ ಪರಿಷತ್ತು. ರಾಯಚೂರಿನವರಿಗೆ ಕಲಬುರಗಿ ರೈಲು ಅನುಕೂಲ, ಕೊಪ್ಪಳದವರಿಗೆ ಗದಗ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನ ಖರ್ಚು ಇಲ್ಲ.

ಫೀ ಕೇಳಿ ಸುಮ್ಮನಾಗಬೇಡಿ. ಕಿಸೆ ಖಾಲಿ ಮಾಡುವುದು ಸಾಮಾನು. ಎರಡನೇ ವರ್ಷದ ಹುಡುಗರನ್ನು ಹಿಡಿದು ಹಿಂದಿನ ಸೆಮಿಸ್ಟರಿನಲ್ಲಿ ಏನೇನು ಕೊಂಡರೆಂದು ಪಟ್ಟಿ ಬರೆಸಿಕೊಳ್ಳಿ, ಅದೇ ಪಟ್ಟಿಗೆ ಸ್ಟೇಷನರಿ ಅಂಗಡಿಯಲ್ಲಿ ರೇಟು ಹಾಕಿಸಿ. ಶೀಟು, ಪೋಸ್ಟರ್ ಕಲರ್ ಪದೇ ಪದೇ ಬೇಕು. ಬೋರ್ಡು, ಲಿನೋ ಉಳಿ ಒಮ್ಮೆ ಕೊಂಡರೆ ನಡೆಯುತ್ತದೆ. ಬ್ರಶ್ ಮಾತ್ರ ಅಗ್ಗದ್ದು ತರಬೇಡಿ, ಕೂದಲು ಉದುರಿ ಬಣ್ಣದಲ್ಲಿ ಅಂಟಿಕೊಳ್ಳುತ್ತದೆ.

ನಮ್ಮ ಬಿಸಿಲು ಬೇರೆ. ಏಪ್ರಿಲ್‌ನಲ್ಲಿ ಜಲವರ್ಣದ ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹರಡುವಷ್ಟರಲ್ಲೇ ಅಂಚು ಒಣಗಿ ಗೆರೆ ನಿಲ್ಲುತ್ತದೆ; ಕಾಗದದ ಎರಡೂ ಬದಿ ಒದ್ದೆ ಮಾಡಿ, ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಮಣ್ಣಿನ ಮೂರ್ತಿಗೆ ರಾತ್ರಿ ಒದ್ದೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಇಲ್ಲದಿದ್ದರೆ ಹೊರಗಿನದು ಒಣಗಿ ಕುಗ್ಗುತ್ತದೆ, ಒಳಗಿನದು ಹಸಿ ಇರುತ್ತದೆ. ಮೂಗು, ಕಿವಿಯಂಥ ತೆಳು ಭಾಗ ಮೊದಲು ಬಿರಿಯುತ್ತವೆ. ಸಬ್‌ಮಿಶನ್ ಹಿಂದಿನ ವಾರ ಮನೆಗೆ ಹೋಗಿ ಬಂದವರ ಕೆಲಸ ಹಾಳಾಗುವುದು ಹೀಗೆಯೇ.

ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ, ಜಾತಿ-ಆದಾಯ ಪತ್ರವನ್ನು ನಾಡಕಚೇರಿಯಿಂದ ಪಿಯುಸಿ ಪರೀಕ್ಷೆಗೆ ಮೊದಲೇ ಮಾಡಿಸಿಡಿ. ಫಲಿತಾಂಶ ಬಂದ ಮೇಲೆ ಸಾಲು ಉದ್ದ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಆಧಾರಿನ ಹೆಸರೂ ಅಂಕಪಟ್ಟಿಯ ಹೆಸರೂ ಒಂದಕ್ಷರ ಬೇರೆಯಾದರೂ ತೊಡಕು.

ಕೊನೆಯದಾಗಿ, ಕಾಲೇಜು ನೋಡಲು ಅಡ್ಮಿಶನ್ ದಿನ ಹೋಗಬೇಡಿ. ವಾರದ ನಡುವೆ ಹನ್ನೊಂದು ಗಂಟೆಗೆ ಹೋಗಿ. ಸ್ಟುಡಿಯೋದಲ್ಲಿ ಕೂತು ಬರೆಯುವವರು ಎಷ್ಟು ಮಂದಿ, ಅಚ್ಚಿನ ಮಷೀನಿನ ಮೇಲೆ ಮಸಿ ಇದೆಯೋ ಧೂಳಿದೆಯೋ, ಗೋಡೆಯ ಮೇಲಿನ ಕೆಲಸದ ಕೆಳಗೆ ಯಾವ ಇಸವಿ ಬರೆದಿದೆ, ನೋಡಿ. ಎಲ್ಲವೂ ಹತ್ತು ವರ್ಷ ಹಳೆಯದಾದರೆ ಆಫೀಸಿನಲ್ಲಿ ಏನೂ ಕೇಳದೆ ಮುಂದಿನ ಕಾಲೇಜಿನ ಬಸ್ಸು ಹಿಡಿಯಿರಿ.